ರಾಹುವೂ ನೆರಳೂ

ನಮ್ಮ ನಾಡಿನ ಹಳೆಯ ಶಾಸನಗಳನ್ನು ಬಲ್ಲವರಿಗೆ 'ಸೂರ್ಯಗ್ರಹಣ ನಿಮಿತ್ತ' ಎಂಬ ಮಾತು ಚಿರಪರಿಚಿತ. ಗ್ರಹಣದ ಪುಣ್ಯಕಾಲದಲ್ಲಿ ಅರಸನೋ ಸಾಮಂತನೋ ದೇಗುಲಕ್ಕೆ ಭೂಮಿಯನ್ನು ಧಾರೆಯೆರೆದು ಕೊಡುತ್ತಿದ್ದನು. ಆ ದಾನದ ಹಿಂದಿದ್ದುದು ಶ್ರದ್ಧೆ. ಇಂದು ಸಂಶೋಧಕರು ಅದೇ ಗ್ರಹಣವನ್ನು ಗಣಿತದಿಂದ ಲೆಕ್ಕಹಾಕಿ ಶಾಸನದ ತೇದಿಯನ್ನು ಪರೀಕ್ಷಿಸುತ್ತಾರೆ. ಒಂದೇ ಕಲ್ಲಿನ ಮೇಲೆ ಶ್ರದ್ಧೆಯೂ ಪ್ರಮಾಣವೂ ಜಗಳವಿಲ್ಲದೆ ಕುಳಿತಿವೆ. ಒಂದು ಮತ್ತೊಂದರ ಪೀಠವನ್ನು ಏರಹೊರಟಾಗಲೇ ತೊಡಕು.

ಈ ತೊಡಕು ಪಶ್ಚಿಮದಿಂದ ಬಂದುದೆಂದು ಭಾವಿಸುವವರುಂಟು. ಹಾಗಲ್ಲ. ಚಂದ್ರನು ಸೂರ್ಯನನ್ನು ಮರೆಮಾಡುವನು, ಭೂಮಿಯ ನೆರಳು ಚಂದ್ರನನ್ನು ಮುಸುಕುವುದು ಎಂದು ಆರ್ಯಭಟನು ಕ್ರಿ.ಶ. 499ರ ಸುಮಾರಿಗೇ ಹೇಳಿದನು. ವರಾಹಮಿಹಿರನೂ ಅದನ್ನೇ ಎತ್ತಿಹಿಡಿದನು. ಮುಂದಿನ ಶತಮಾನದ ಬ್ರಹ್ಮಗುಪ್ತನಾದರೋ ನೆರಳನ್ನೇ ಆಧರಿಸಿ ಗ್ರಹಣವನ್ನು ಗಣಿಸಿದರೂ, ರಾಹುವನ್ನು ಅಲ್ಲಗಳೆದವರನ್ನು ಶ್ರುತಿಸ್ಮೃತಿಗಳ ಹೆಸರಿನಲ್ಲಿ ಆಕ್ಷೇಪಿಸಿದನು. 11ನೆಯ ಶತಮಾನದಲ್ಲಿ ಅಲ್ ಬಿರೂನಿ ಇದನ್ನು ಓದಿ, ತಿಳಿದವನೇ ಹೀಗೆನ್ನಬಹುದೆ ಎಂದು ಬೆರಗಾದನು. ಲೆಕ್ಕಕ್ಕೆ ನೆರಳು, ಲೋಕಕ್ಕೆ ರಾಹು! ಈ ಇಬ್ಬಗೆ ನಮ್ಮ ವಿದ್ಯಾವಂತರಲ್ಲಿ ಇನ್ನೂ ಅಳಿದಿಲ್ಲ.

1868ರ ಆಗಸ್ಟ್ 18ರ ಪೂರ್ಣ ಗ್ರಹಣವನ್ನು ನೋಡಲು ಫ್ರಾನ್ಸಿನ ಜಾನ್ಸೆನ್ ಗುಂಟೂರಿಗೆ ಬಂದನು. ಜಾನ್ ಹರ್ಷೆಲ್ ನಮ್ಮ ಜಮಖಂಡಿಗೆ ಬಂದನು. ಸೂರ್ಯನ ಅಂಚಿನಿಂದ ಚಾಚುವ ಕೆಂಪು ಜ್ವಾಲೆಗಳು ಕಾದ ಅನಿಲವೆಂಬುದು ಅಂದು ಖಚಿತವಾಯಿತು. ನೂರೈವತ್ತು ವರ್ಷಗಳು ಕಳೆದವು. 2019ರ ಡಿಸೆಂಬರ್ 26ರ ಗ್ರಹಣದಂದು ಕಲಬುರಗಿಯ ಬಳಿ, ಅಂಗವೈಕಲ್ಯವುಳ್ಳ ಮಕ್ಕಳನ್ನು ಗುಣವಾದೀತೆಂಬ ಆಸೆಯಿಂದ ಕತ್ತಿನವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದರು. ಆ ತಾಯಿತಂದೆಯರನ್ನು ನೋಡಿ ನಗುವುದು ಸುಲಭ; ಆದರೆ ಅವರ ಮಮತೆಯಲ್ಲಿ ಕೊರತೆಯಿರಲಿಲ್ಲ. ಆ ಮಮತೆಗೆ ದಾರಿ ತೋರಬೇಕಾದ ತಿಳಿವಳಿಕೆಯನ್ನು ನಾವು ಅವರ ಮನೆಬಾಗಿಲಿಗೆ ಮುಟ್ಟಿಸಲಿಲ್ಲ.

ನಾನು ಸಾಹಿತ್ಯದ ಅಧ್ಯಾಪಕನಾಗಿದ್ದವನು. ರಾಹು ಹಿಡಿದ ಚಂದ್ರನ ಉಪಮೆಯನ್ನು ತರಗತಿಯಲ್ಲಿ ಸವಿದು ವಿವರಿಸಿದ್ದೇನೆ. ಮುಂದಿನ ಗಂಟೆಯಲ್ಲಿ ಭೌತಶಾಸ್ತ್ರದ ಅಧ್ಯಾಪಕರು ಅದೇ ವಿದ್ಯಾರ್ಥಿಗಳಿಗೆ ನೆರಳಿನ ಚಿತ್ರ ಬರೆದು ತೋರಿಸುತ್ತಿದ್ದರು. ಇದರಿಂದ ಯಾರಿಗೂ ಗೊಂದಲವಾಗಲಿಲ್ಲ. ಕಪ್ಪುಹಲಗೆಯ ಮೇಲೆ ನೆರಳನ್ನು ಬರೆದ ಕೈಯೇ ಗ್ರಹಣದ ದಿನ ಶಾಲೆಯ ಬಾಗಿಲು ಹಾಕಿದರೆ ಗೊಂದಲ ಹುಟ್ಟುತ್ತದೆ. ಸೂರ್ಯನನ್ನು ಬರಿಗಣ್ಣಿನಿಂದ ನೋಡಿದರೆ ಅಕ್ಷಿಪಟಲಕ್ಕೆ ಹಾನಿ, ಇದು ಪ್ರಮಾಣಸಿದ್ಧ. ಗ್ರಹಣಕಾಲದಲ್ಲಿ ಅನ್ನ ವಿಷವಾಗುತ್ತದೆ ಎಂಬುದಕ್ಕೆ ಪ್ರಮಾಣವಿಲ್ಲ. ಇವೆರಡನ್ನೂ ಬೇರ್ಪಡಿಸಿ ತೋರಿಸುವುದೇ ಶಿಕ್ಷಣ.

ಮನೆಯಲ್ಲಿ ಒಬ್ಬರು ಉಪವಾಸವಿರಲಿ, ಜಪ ಮಾಡಲಿ. ಅದು ಅವರ ಸ್ವಾತಂತ್ರ್ಯ. ಸಾರ್ವಜನಿಕ ಜೀವನದ ಮಾತೇ ಬೇರೆ. ಅಲ್ಲಿ ಹೇಳಿದ್ದನ್ನು ಯಾರು ಬೇಕಾದರೂ ಪರೀಕ್ಷಿಸುವಂತಿರಬೇಕು. ವೈಜ್ಞಾನಿಕ ಮನೋಭಾವವನ್ನು ಬೆಳೆಸುವುದು ಪ್ರಜೆಯ ಕರ್ತವ್ಯವೆಂದು 1976ರ ತಿದ್ದುಪಡಿ ಸಂವಿಧಾನದಲ್ಲಿ ಸೇರಿಸಿತು. ಅದೇ ವರ್ಷ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯನವರು ಪವಾಡಗಳ ಪರಿಶೀಲನೆಗೆ ಸಮಿತಿಯನ್ನು ರಚಿಸಿದರು. ಖಾದಿಯುಟ್ಟ ಆ ಗಾಂಧೀವಾದಿ ಬಯಸಿದ್ದು ಪ್ರಶ್ನೆ ಕೇಳುವ ಹಕ್ಕನ್ನು.

2031ರ ಮೇ 21ರಂದು ಕೇರಳ, ತಮಿಳುನಾಡುಗಳ ಮೇಲೆ ಕಂಕಣ ಗ್ರಹಣ ಹಾದುಹೋಗಲಿದೆ; ನಮಗೆ ಪಾರ್ಶ್ವಗ್ರಹಣ ಕಂಡೀತು. ರಟ್ಟಿಗೆ ಸೂಜಿಯಿಂದ ರಂಧ್ರ ಮಾಡಿ, ಸೂರ್ಯನ ಬಿಂಬವನ್ನು ನೆಲದ ಮೇಲೆ ಬೀಳಿಸುವುದನ್ನು ಅಷ್ಟರೊಳಗೆ ನಮ್ಮ ಮಕ್ಕಳಿಗೆ ಕಲಿಸಿರೋಣ. ಅಜ್ಜಿಯೂ ಅಂಗಳಕ್ಕೆ ಬಂದು ನೋಡಲಿ. ಆಮೇಲೆ ಆಕೆ ಸ್ನಾನ ಮಾಡಿದರೆ ಯಾರ ಅಭ್ಯಂತರವೂ ಇರಲಾರದು.