ನಮ್ಮ ಹೊಳೆ, ನನ್ನ ಕಾದಂಬರಿ

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತುಗಳ ಬರಹರೂಪ)



ಐತಿಹಾಸಿಕ ಕಾದಂಬರಿ ಬರೆಯುವವನು ಹೇಗಾದೆ ಎಂಬುದನ್ನು ಮಕ್ಕಳಿಗೆ ಹೇಳಿ ಎಂದು ಮುಖ್ಯೋಪಾಧ್ಯಾಯರು ಕೇಳಿದ್ದಾರೆ. ನಾನು ಬರೆದದ್ದು ಎರಡೇ ಕಾದಂಬರಿ. ದೊಡ್ಡ ಮಾತು ಹೇಳುವ ಯೋಗ್ಯತೆ ನನಗಿಲ್ಲ. ಆದರೆ ಎರಡೂ ಈ ಭಾಗದ ಮಣ್ಣಿನಲ್ಲೇ ಹುಟ್ಟಿದವು. ಅದನ್ನಷ್ಟೇ ಹೇಳುತ್ತೇನೆ.

ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ತಾಳಿಕೋಟೆ ಯುದ್ಧದ ಪಾಠ ಬಂತು. ಪುಸ್ತಕದಲ್ಲಿ ಅರ್ಧ ಪುಟ ಇತ್ತು. ನಮ್ಮ ಇತಿಹಾಸದ ಸರ್ ಪುಸ್ತಕ ಮುಚ್ಚಿಟ್ಟು, ಕೃಷ್ಣೆಯನ್ನು ಬೋರ್ಡಿನ ಮೇಲೆ ಒಂದು ಸೊಟ್ಟ ಗೆರೆಯಾಗಿ ಎಳೆದರು. ಮೇಲೆ ತಾಳಿಕೋಟೆ, ಗೆರೆಯ ಈಚೆ ತಂಗಡಗಿ, ಆಚೆ ರಕ್ಕಸಗಿ. "ದಂಡು ಕೂಡಿದ್ದು ತಾಳಿಕೋಟ್ಯಾಗ. ಬಡಿದಾಡಿದ್ದು ಹೊಳಿ ಆಚಿ ದಂಡ್ಯಾಗ. ನೀವು ಜಾತ್ರಿಗೆ ಹೋಗಿ ಜಳಕಾ ಮಾಡ್ತೀರಲ್ಲ, ಅದ ಹೊಳಿ" ಎಂದರು. ಅವತ್ತು ಮನೆಗೆ ಹೋದವನಿಗೆ ಊಟ ಸೇರಲಿಲ್ಲ. ಇತಿಹಾಸ ಅಂದರೆ ದಿಲ್ಲಿ, ಮೈಸೂರು ಎಂದುಕೊಂಡಿದ್ದವನು ನಾನು.

ಇನ್ನೊಂದು ಬೀಜ ಬಿತ್ತಿದವಳು ನಮ್ಮ ಆಯಿ. ನಾರಾಯಣಪುರದ ಹತ್ತಿರ ಛಾಯಾ ಭಗವತಿ ಗುಡಿಗೆ ಕರೆದುಕೊಂಡು ಹೋಗುತ್ತಿದ್ದಳು. ಆಣೆಕಟ್ಟಿನಿಂದ ನೀರು ಬಿಟ್ಟಾಗ ಗುಡಿಯ ಮೆಟ್ಟಿಲವರೆಗೆ ಹೊಳೆ ಏರುವುದನ್ನು ನೀವೆಲ್ಲ ನೋಡಿದ್ದೀರಿ. ಆ ಮೆಟ್ಟಿಲ ಮೇಲೆ ಕುಳಿತು ಆಯಿ ಕಥೆ ಹೇಳುವಳು. ಸೂರ್ಯನ ಕಾವು ತಾಳಲಾರದೆ ಹೆಂಡತಿ ಸಂಜ್ಞಾ ತನ್ನ ನೆರಳನ್ನೇ ಹೆಣ್ಣುಮಾಡಿ ಮನೆಯಲ್ಲಿ ಬಿಟ್ಟು ಹೋದಳು. ಆ ನೆರಳೇ ಛಾಯಾ. ಗಂಡನಿಗೆ ಬಹಳ ದಿನ ಗೊತ್ತೇ ಆಗಲಿಲ್ಲವಂತೆ. ನಾನು ಕೇಳಿದೆ, "ಆಯಿ, ಆ ನೆರಳಿಗೆ ಏನನಿಸಿರಬೇಕು?" ಆಯಿ, "ಅದನ್ನ ಯಾರೂ ಕೇಳಿಲ್ಲಪಾ" ಎಂದಳು. ಮೂವತ್ತು ವರ್ಷದ ನಂತರ ನನ್ನ ಮೊದಲ ಕಾದಂಬರಿಯಲ್ಲಿ ಜಲದುರ್ಗದ ಸೆರೆಯಿಂದ ಒಬ್ಬ ಬೇಹುಗಾರ ತಪ್ಪಿಸಿಕೊಳ್ಳುತ್ತಾನೆ. ಕಾವಲಿನವರಿಗೆ ತಿಳಿಯದಂತೆ ಅವನ ಜಾಗದಲ್ಲಿ ಇನ್ನೊಬ್ಬ ಉಳಿಯುತ್ತಾನೆ. ಕಥೆ ಉಳಿದವನದು. ಎಲ್ಲಿಂದ ಬಂತು ಎಂದು ಬೇರೆ ಹೇಳಬೇಕಾಗಿಲ್ಲ.

ಜಲದುರ್ಗದ ಸುತ್ತ ಕೃಷ್ಣೆ, ನಡುವೆ ಕೋಟೆ. ಅಪರಾಧಿಗಳನ್ನು ಕೋಟೆಯ ಮೇಲಿಂದ ಹೊಳೆಗೆ ನೂಕುತ್ತಿದ್ದರು ಎಂದು ಅಲ್ಲಿಯವರು ಜಾಗ ತೋರಿಸಿ ಹೇಳುತ್ತಾರೆ. ಆ ಕೋಟೆಯನ್ನು ಕಾದಂಬರಿಗೆ ತಂದವನು ನಾನೇ ಮೊದಲು ಎಂದು ಬೀಗಿದ್ದೆ. ಆಮೇಲೆ ತಿಳಿಯಿತು, ಮೆಡೋಸ್ ಟೇಲರ್ ನನಗಿಂತ ನೂರು ವರ್ಷಕ್ಕೂ ಹಿಂದೆಯೇ ತಂದಿದ್ದಾನೆ. ಈ ಇಂಗ್ಲಿಷ್ ಅಧಿಕಾರಿ 1841ರಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ನಮ್ಮ ಪಕ್ಕದ ಸುರಪುರದಲ್ಲಿದ್ದ. ರಾಜನ್‌ಕೋಳೂರಿನ ಹಳೆಯ ಕಲ್ಲುಗೋರಿಗಳನ್ನು ಅಳೆದು ಬರೆದಿಟ್ಟವನೂ ಅವನೇ. ಚಾಂದಬೀಬಿಯನ್ನು ಕುರಿತ ಅವನ ಕಾದಂಬರಿ ಅವನು ಸತ್ತ ಮೇಲೆ, 1878ರಲ್ಲಿ ಹೊರಬಂತು. ಅದರಲ್ಲಿ ನಮ್ಮ ಹೊಳೆ ಇದೆ, ಜಲದುರ್ಗ ಇದೆ. ನಿಜ ಹೇಳುತ್ತೇನೆ, ಹೊಟ್ಟೆಕಿಚ್ಚು ಬಂತು. ಎಲ್ಲಿಂದಲೋ ಬಂದವನು ಕುದುರೆ ಮೇಲೆ ತಿರುಗಾಡಿ ನೋಡಿದ್ದನ್ನು ನಾನು ಬಸ್ಸಿನಲ್ಲಿ ಹೋಗಿಯೂ ನೋಡಿರಲಿಲ್ಲ!

ಆಗಿನಿಂದ ತಿರುಗಾಟ ಸುರುವಾಯಿತು. ಮುದಗಲ್ಲು, ವಾಗಣಗೇರಿ, ರಕ್ಕಸಗಿ. ಎರಡನೆಯ ಕಾದಂಬರಿ 1565ರ ಯುದ್ಧದ್ದು. ಅದರ ಮೊದಲ ಕರಡಿನಲ್ಲಿ ದಂಡು ಹೊಳೆ ದಾಟುವುದನ್ನು ಹನ್ನೊಂದು ಪುಟ ಬರೆದಿದ್ದೆ. ತುಂಬಿದ ಹೊಳೆ, ಮಗುಚುವ ಹರಿಗೋಲು, ತೇಲಿಹೋಗುವ ಕುದುರೆ. ಹೊಳೆದಂಡೆಯ ಒಬ್ಬ ಅಂಬಿಗರ ಅಜ್ಜನಿಗೆ ಓದಿ ಹೇಳಿದೆ. ಅಜ್ಜ ಪೂರ್ತಿ ಕೇಳಿ, "ಯುದ್ಧ ಯಾವಾಗ ಅಂದಿ?" ಎಂದ. ಜನವರಿ 23 ಎಂದೆ. "ಸಂಕ್ರಮಣ ಆದ ಮ್ಯಾಲೆ ಹೊಳಿ ತುಂಬಿದ್ದು ಯಾವಾಗ ನೋಡೀಯೋ ತಮ್ಮಾ? ತೆಳ್ಳನ ನೀರಿನ ಜಾಗ ಗೊತ್ತಿದ್ದರ ನಡಕೊಂಡ ದಾಟಬಹುದು." ಹನ್ನೊಂದು ಪುಟ ಹರಿದೆ. ಆದರೆ ಅಜ್ಜನ ಮಾತಿನಿಂದಲೇ ಯುದ್ಧ ಅರ್ಥವಾಯಿತು. ಆ ತೆಳು ನೀರಿನ ಜಾಗವನ್ನೇ ವಿಜಯನಗರದ ದಂಡು ಕಾಯುತ್ತಿತ್ತು. ಸುಲ್ತಾನರ ದಂಡು ಬೇರೆ ಕಡೆ ದಾಟುವವರಂತೆ ದಂಡೆಗುಂಟ ಸಾಗಿತು. ಕಾವಲಿನವರೂ ಆಚೆ ದಂಡೆಯಲ್ಲಿ ಬೆನ್ನು ಹತ್ತಿದರು. ಆಗ ತಟ್ಟನೆ ಹಿಂದಿರುಗಿ ಇಂಗಳಗಿಯ ಬಳಿ ದಾಟಿಬಿಟ್ಟರು. ಇದಕ್ಕಿಂತ ಸಾಹಸದ ಕಥೆಯನ್ನು ನಾನು ಕಟ್ಟಬಲ್ಲೆನೇ?

ಎರಡನೆಯ ಪೆಟ್ಟು ಇನ್ನೂ ಜೋರಾಗಿತ್ತು. ಕರಡನ್ನು ನನ್ನ ಬೆಂಚಿನ ಗೆಳೆಯನಿಗೆ ಕೊಟ್ಟೆ. ಮೊಹರಮ್ಮಿನಲ್ಲಿ ನಾವಿಬ್ಬರೂ ಒಟ್ಟಿಗೆ ಹೆಜ್ಜೆ ಹಾಕಿದವರು. ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾನೆ. ಓದಿ ಎರಡು ದಿನ ಮಾತಾಡಲಿಲ್ಲ. ಆಮೇಲೆ ಅಂದ, "ಬರದದ್ದು ಚೊಲೋ ಐತಿ. ಆದ್ರ ಇದನ್ನ ನನ್ನ ಮಗಳು ಓದಿದ್ರ, ಆಕಿ ಯಾರ ಕಡೆ ನಿಂದರಬೇಕೋ?" ನನ್ನ ಕರಡಿನಲ್ಲಿ ಆಚೆಯವರೆಲ್ಲ ರಾಕ್ಷಸರು, ಈಚೆಯವರೆಲ್ಲ ದೇವತೆಗಳು.

ಮತ್ತೆ ಓದಲು ಕುಳಿತೆ. ರಾಮರಾಯನ ದಂಡಿನಲ್ಲಿ ಮುಸಲ್ಮಾನ ಸರದಾರರಿದ್ದರು, ವಿಜಾಪುರದ ದಂಡಿನಲ್ಲಿ ಮರಾಠಾ ಸರದಾರರಿದ್ದರು. ಕೆಲವೇ ವರ್ಷ ಹಿಂದೆ ರಾಮರಾಯ ಮತ್ತು ಅಲಿ ಆದಿಲಶಾಹ ಕೂಡಿ ಅಹ್ಮದನಗರದ ಮೇಲೆ ಹೋಗಿದ್ದರು. ರಾಮರಾಯನ ಮಗ ತೀರಿಕೊಂಡಾಗ ಅಲಿ ಸ್ವತಃ ವಿಜಯನಗರಕ್ಕೆ ಹೋಗಿ ಸಮಾಧಾನ ಹೇಳಿದ, ರಾಮರಾಯನ ಹೆಂಡತಿ ಅವನನ್ನು ಮಗನೆಂದು ಕರೆದಳು ಎಂದು ಫೆರಿಸ್ತಾ ಬರೆದಿದ್ದಾನೆ. ಮಗನೆನಿಸಿಕೊಂಡವನೇ ಎದುರು ದಂಡಿನಲ್ಲಿ ಬಂದು ನಿಂತ. ಈ ಸಂಕಟ ಬಿಟ್ಟು ನಾನು ಬರೀ ಬೈಗುಳ ಬರೆದಿದ್ದೆ. ತಿದ್ದಲು ಮೂರು ವರ್ಷ ಹಿಡಿಯಿತು. ಒಬ್ಬ ಪ್ರಕಾಶಕರು ಎರಡೂ ಕರಡು ಓದಿ, ಮೊದಲಿನದೇ ಇರಲಿ, ಅದು ಹೆಚ್ಚು ಖರ್ಚಾಗುತ್ತದೆ ಎಂದರು. ಅವರ ಲೆಕ್ಕ ತಪ್ಪಿರಲಿಕ್ಕಿಲ್ಲ. ನಾನು ಕೊಡಲಿಲ್ಲ.

ಸ್ವಂತ ದುಡ್ಡಿನಲ್ಲಿ 500 ಪ್ರತಿ ಅಚ್ಚು ಹಾಕಿಸಿದೆ. ಹಾವೇರಿ ಕಡೆಯ ಗಳಗನಾಥರು, ಅವರೂ ಮಾಸ್ತರರೇ, ತಮ್ಮ ಐತಿಹಾಸಿಕ ಕಾದಂಬರಿಗಳನ್ನು ಹೊತ್ತು ಊರೂರು ನಡೆದು ಮಾರಿದವರು. ನಾನು ಚೀಲ ಹಿಡಿದು ಮುದ್ದೇಬಿಹಾಳ, ತಾಳಿಕೋಟೆ, ಹುನಗುಂದದ ಬಸ್ಸು ಹತ್ತಿದೆ. ಕಂಡಕ್ಟರ್ ಲಗೇಜು ಹಿಡಿದಾಗ ಗಳಗನಾಥರ ನೆನಪಾಗುತ್ತಿತ್ತು. ಇನ್ನೂ ಎಪ್ಪತ್ತು ಪ್ರತಿ ಮನೆಯಲ್ಲಿವೆ. ಹತ್ತನ್ನು ಇವತ್ತು ಶಾಲೆಯ ಗ್ರಂಥಾಲಯಕ್ಕೆ ತಂದಿದ್ದೇನೆ.

ಗೆಳೆಯನ ಮಗಳು ಈಗ ಇದೇ ಶಾಲೆಯಲ್ಲಿ ಹತ್ತನೆಯ ತರಗತಿ. ಹೋದ ತಿಂಗಳು ಪುಸ್ತಕ ಓದಿ ಮುಗಿಸಿ ಕೇಳಿದಳು, "ಕಾಕಾ, ಅಷ್ಟು ದೊಡ್ಡ ದಂಡು ಬಂದಾಗ ಹೊಳೆದಂಡೆಯ ಊರಿನ ಹೆಣ್ಣುಮಕ್ಕಳು, ದನಕರು ಎಲ್ಲಿಗೆ ಹೋದರು? ನೀವು ಬರದೇ ಇಲ್ಲ." ನನ್ನ ಬಳಿ ಉತ್ತರ ಇರಲಿಲ್ಲ. ಮೂರನೆಯ ಕಾದಂಬರಿ ಅಲ್ಲಿಂದ ಸುರುವಾಗಿದೆ. ತಂಗಡಗಿ, ರಕ್ಕಸಗಿ ಕಡೆಯ ಹಿರಿಯರು ಯಾರಾದರೂ ಬಂದಿದ್ದರೆ, ನಿಮ್ಮ ಮನೆತನದಲ್ಲಿ ಆ ಕಾಲದ್ದೊಂದು ಮಾತು ಉಳಿದಿದ್ದರೆ, ಊಟದ ಪಂಕ್ತಿಯಲ್ಲಿ ದಯವಿಟ್ಟು ನನ್ನ ಪಕ್ಕ ಕುಳಿತುಕೊಳ್ಳಿ. ನೋಟುಬುಕ್ಕು ತಂದಿದ್ದೇನೆ.