ಗೆದ್ದಲಿನ ಪರವಾಗಿ ಒಂದು ತಕರಾರು

ಹುತ್ತ ಅಂದರೇನೆಂದು ನಿಮಗೆ ಹೇಳಬೇಕಾಗಿಲ್ಲ. ವಾಲ್ಮೀಕಿಯಿಂದ ನಾಗರಪಂಚಮಿಯ ತನಕ ಅದು ನಮ್ಮ ಜೊತೆಗೇ ಇದೆ. ಆ ಕತೆಗಳಲ್ಲಿ ಋಷಿ ಇದ್ದಾನೆ, ಹಾವಿದೆ. ಕಟ್ಟಿದ ಗೆದ್ದಲಿನ ಸುದ್ದಿ ಮಾತ್ರ ಯಾರೂ ಎತ್ತುವುದಿಲ್ಲ. ಗೆದ್ದಲನ್ನು ಪರದೆಯ ಮೇಲೆ ಆಡಿಸುವ ಕಂಪ್ಯೂಟರಿನವರೂ ನಿಜವಾದ ಗೆದ್ದಲನ್ನು ಹಾಗೆಯೇ ಮರೆಯುತ್ತಿದ್ದಾರೆ ಅನ್ನುವುದು ನನ್ನ ತಕರಾರು.

ಈ ಆಟದ ಇತಿಹಾಸ ಎರಡೇ ಮಾತಿನಲ್ಲಿ ಮುಗಿಸುತ್ತೇನೆ. ಗೆದ್ದಲಿಗೆ ಅಪ್ಪಣೆ ಕೊಡುವವರಿಲ್ಲ, ಅರ್ಧ ಎದ್ದ ಗೋಡೆಯೇ ಮುಂದಿನ ಕೆಲಸ ಹೇಳುತ್ತದೆ ಎಂದು ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಗ್ರಾಸೆ 1959ರಲ್ಲಿ ಬರೆದರು. 1990ರ ದಶಕದಲ್ಲಿ ಎಂಐಟಿಯ ಮಿಚೆಲ್ ರೆಸ್ನಿಕ್ ಸ್ಟಾರ್‌ಲೋಗೊ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಗೆದ್ದಲುಗಳನ್ನು ಆಡಿಸಿ ತೋರಿಸಿದರು.

ಆ ಆಟ ನೋಡಬೇಕು. ಸುಮ್ಮನೆ ಅಲೆ, ಮರದ ಚಕ್ಕೆ ಸಿಕ್ಕರೆ ಎತ್ತಿಕೋ, ಹೊತ್ತಿರುವಾಗ ಇನ್ನೊಂದು ಎದುರಾದರೆ ಅದರ ಪಕ್ಕ ಇಳಿಸು. ನಿಯಮ ಇಷ್ಟೇ. ಪರದೆ ತುಂಬ ಚೆಲ್ಲಿದ್ದ ಚಕ್ಕೆಗಳು ಗುಡ್ಡೆಗಳಾಗುತ್ತವೆ. ಬರೀ ನೆಲದ ಮೇಲೆ ಇಳಿಸುವಂತಿಲ್ಲವಲ್ಲ, ಹಾಗಾಗಿ ಒಮ್ಮೆ ಪೂರ್ತಿ ಕರಗಿದ ಗುಡ್ಡೆ ಮತ್ತೆ ಹುಟ್ಟುವುದಿಲ್ಲ, ಉಳಿದವು ದೊಡ್ಡದಾಗುತ್ತವೆ. ಸೊಗಸಾಗಿದೆ. ಆದರೆ ಗುಡ್ಡೆ ಹುತ್ತವಲ್ಲ.

ನಿಜವಾದ ಹುತ್ತ ತೋರಿಸಿದ್ದು ನಮ್ಮ ಪ್ರಾಣಿಶಾಸ್ತ್ರದ ಮೇಷ್ಟ್ರು, ಪಾಠಕ್ಕಿಂತ ಹೆಚ್ಚು ಬೈಗುಳದಿಂದ ಕಲಿಸಿದವರು. ಒಡೆದ ಹುತ್ತದ ಮುಂದೆ ನಮ್ಮನ್ನು ಕುಕ್ಕರಗಾಲಲ್ಲಿ ಕೂರಿಸುತ್ತಿದ್ದರು. ಹಾಗೆ ಕೂತ ಒಂದು ದಿನ ಮೊದಲು ದೊಡ್ಡ ತಲೆಯ ಸೈನಿಕ ಹುಳುಗಳು ಬಂದವು, ಹಿಂದೆಯೇ ಒದ್ದೆ ಮಣ್ಣಿನ ಉಂಡೆ ಕಚ್ಚಿಕೊಂಡ ಕೆಲಸಗಾರ ಹುಳುಗಳು. ಒಂದು ಇಟ್ಟುಹೋದ ಉಂಡೆಯನ್ನು ಇನ್ನೊಂದು ಕಿತ್ತು ಬೇರೆ ಕಡೆ ಮೆತ್ತಿತು. "ಯಾಕೆ ಕಿತ್ತಿತು, ಹೇಳ್ರಯ್ಯಾ?" ಅಂದರು. ಯಾರೂ ಬಾಯಿ ಬಿಡಲಿಲ್ಲ.

ಹುಳು ಉಂಡೆಯನ್ನು ಎಲ್ಲಿ ಇಡುತ್ತದೆ ಎಂಬುದಕ್ಕೆ ಬ್ರಸೆಲ್ಸಿನ ವಿಜ್ಞಾನಿ ದೆನ್ಯುಬೂರ್ 1977ರಲ್ಲೇ ಒಂದು ಲೆಕ್ಕ ಕಟ್ಟಿದ್ದರು: ಹಸಿ ಉಂಡೆಯ ವಾಸನೆ ಮತ್ತಷ್ಟು ಹುಳುಗಳನ್ನು ಎಳೆಯುತ್ತದೆ, ಹಾಗೆ ಕಂಬ ಏಳುತ್ತದೆ. ಲೆಕ್ಕದಲ್ಲಿ ಕಂಬ ಎದ್ದಿತು. ಆದರೆ 2019ರಲ್ಲಿ ಆಫ್ರಿಕದ ಮ್ಯಾಕ್ರೋಟರ್ಮಿಸ್ ಗೆದ್ದಲುಗಳನ್ನು ಹತ್ತಿರದಿಂದ ನೋಡಿದವರು, ಹುಳುಗಳು ಎಲ್ಲಿ ಕೆಲಸ ಹಿಡಿಯುತ್ತವೆ ಅನ್ನುವುದಕ್ಕೆ ನೆಲದ ಉಬ್ಬುತಗ್ಗೇ ಮುಖ್ಯ ಎಂದರು. ತೇವಾಂಶ ಎನ್ನುವವರೂ ಇದ್ದಾರೆ. ವಾಸನೆಯ ನಿಯಮ ಬರೆದರೂ ಕಂಬ ಏಳುತ್ತದೆ, ಉಬ್ಬಿನ ನಿಯಮ ಬರೆದರೂ ಏಳಬಹುದು. ಹಾಗಿದ್ದ ಮೇಲೆ ಪರದೆಯ ಕಂಬ ಯಾರ ಪರ ಸಾಕ್ಷಿ ಹೇಳುತ್ತದೆ?

ಹಾಗೆಂದು ಆಟ ದಂಡ ಎನ್ನಲೂ ನನಗೆ ಬಾಯಿ ಬರುವುದಿಲ್ಲ. ಮೇಸ್ತ್ರಿ ಇಲ್ಲದೆಯೂ ಕೆಲಸ ಸಾಗುತ್ತದೆ ಎಂದು ನನ್ನನ್ನು ಒಪ್ಪಿಸಿದ್ದು ಹುತ್ತವೋ, ಪರದೆಯೋ? ಉಂಡೆ ಕಿತ್ತ ಆ ಹುಳಕ್ಕೂ ಒಂದು ಸಾಲಿನ ನಿಯಮ ಬರೆದುಕೊಟ್ಟರೆ ನಾನು ಒಪ್ಪುತ್ತೇನೆಯೇ? ಅಥವಾ ಅದಕ್ಕೊಂದು ಸ್ವಂತ ಅಂದಾಜು ಇರಲಿ ಎಂದು ನಾನೇ ಆಸೆಪಡುತ್ತಿದ್ದೇನೆಯೇ? ನಿಮಗೇನನ್ನಿಸುತ್ತದೆ?