ವ್ಯಸನಮುಕ್ತಿಗೆ ಸತ್ಸಂಗವೇ ಸಾಧನ



ಈ ಮಹೋತ್ಸವದಲ್ಲಿ ನಾನು ಶಾಸ್ತ್ರವಿಷಯವೊಂದನ್ನು ಪ್ರತಿಪಾದಿಸುವೆನೆಂದು ತಾವು ನಿರೀಕ್ಷಿಸಿರಬಹುದು. ಆದರೆ ಪಾಠಶಾಲೆಯು ನನಗೆ ಕಲಿಸದೆ, ಮದ್ಯವ್ಯಸನಿಯೊಬ್ಬನು ಕಲಿಸಿದ ಪಾಠವನ್ನು ಇಂದು ಅರಿಕೆಮಾಡಿಕೊಳ್ಳುವೆನು. ಅವನ ಅನುಮತಿಯನ್ನು ಪಡೆದಿರುವೆನು. ಹೆಸರನ್ನು ಮಾತ್ರ ಹೇಳುವುದಿಲ್ಲ.

ಬೆಂಗಳೂರಿನ ಪೂರ್ವಭಾಗದಲ್ಲಿ, ಹಳೆಯ ಮದರಾಸು ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವ ಎಡೆಗೆ ಟಿನ್ ಫ್ಯಾಕ್ಟರಿಯೆಂದು ಹೆಸರು. ಹೊಸಕೋಟೆ ಕೋಲಾರಗಳ ಕಡೆಗೆ ಹೋಗುವ ಬಸ್ಸುಗಳಿಗಾಗಿ ಜನರು ಅಲ್ಲಿ ಗುಂಪುಗುಂಪಾಗಿ ನಿಂತಿರುವರು. ಅದರ ಸಮೀಪದಲ್ಲಿ ವಾಸಿಸುವ, ನಮ್ಮ ಶಿಷ್ಯಮನೆತನದ ಗೃಹಸ್ಥನೊಬ್ಬನು ಕುಡಿತಕ್ಕೆ ವಶನಾಗಿದ್ದನು. ನಾನೇ ಮೂರು ಸಲ ಗದ್ದುಗೆಯ ಮುಂದೆ ಅವನಿಂದ ಇಷ್ಟಲಿಂಗವನ್ನು ಮುಟ್ಟಿಸಿ ಆಣೆ ಮಾಡಿಸಿದೆನು. ಮೂರು ಸಲವೂ ಆಣೆ ಮುರಿಯಿತು. ಅವನ ಮಡದಿಯು ಬಂದು ಕಣ್ಣೀರಿಡುತ್ತಿರಲು, “ಅವನಿಗೆ ಗುರುಭಕ್ತಿಯೇ ಇಲ್ಲ” ಎಂದು ನಿಷ್ಠುರವಾಗಿ ನುಡಿದೆನು. ಆಕೆಯು, “ಸ್ವಾಮೀ, ಭಕ್ತಿಯಿರುವುದರಿಂದಲೇ ಅವರು ತಮಗೆ ಮುಖ ತೋರಿಸಲು ನಾಚಿದರು. ನಾಚಿ ಮಠಕ್ಕೆ ಬಾರದೆ ಹೋದರು. ಬಾರದೆ ಹೋದ ಮೇಲೆ ಇನ್ನಷ್ಟು ಕುಡಿದರು” ಎಂದಳು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಮುಂದೆ ಅವನ ಬಂಧುಗಳು ಅವನನ್ನು ವೈದ್ಯರಲ್ಲಿಗೆ ಕರೆದೊಯ್ದರು. ಬಹುಕಾಲ ನಿತ್ಯವೂ ವಿಪರೀತವಾಗಿ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಕೈಕಾಲು ನಡುಗುವುದು, ಸೆಳವು ಬರುವುದು, ಬುದ್ಧಿಭ್ರಮಣೆಯಾಗುವುದು, ಕೆಲವೊಮ್ಮೆ ಪ್ರಾಣಕ್ಕೇ ಅಪಾಯವೊದಗುವುದು ಎಂದು ಅಲ್ಲಿ ತಿಳಿಯಿತು. ಇದನ್ನರಿಯದೆ ಆಣೆ ಮಾಡಿಸಿದುದು ನನ್ನ ಅಜ್ಞಾನ. ಚಿಕಿತ್ಸೆ ಮುಗಿದ ಮೇಲೆ ವೈದ್ಯರು, “ಇನ್ನು ಕುಡಿತ ಬಿಟ್ಟವರ ಸಭೆಯನ್ನು ಹುಡುಕಿಕೊಳ್ಳಿ” ಎಂದರಂತೆ. ಅವನು ಎರಡು ಸಂಜೆ ಸಭೆಯ ಬಾಗಿಲವರೆಗೆ ಹೋಗಿ, ಯಾರಾದರೂ ಕಂಡಾರೆಂದು ಟಿನ್ ಫ್ಯಾಕ್ಟರಿಯ ಜನಜಂಗುಳಿಯಲ್ಲಿ ಮರೆಯಾಗಿ ಹಿಂದಿರುಗಿದನು. ಮೂರನೆಯ ಸಂಜೆ ಬಾಗಿಲಲ್ಲಿದ್ದ ವೃದ್ಧರೊಬ್ಬರು ಕುಲಗೋತ್ರಗಳೊಂದನ್ನೂ ಕೇಳದೆ, “ಬಾಪ್ಪ, ಕುಳಿತುಕೋ. ನಾನೂ ಕುಡಿಯುತ್ತಿದ್ದವನೇ” ಎಂದರು. ನನ್ನ ಮೂರು ಆಣೆಗಳಲ್ಲಿ ಇಲ್ಲದಿದ್ದುದು ಆ ಒಂದು ಮಾತಿನಲ್ಲಿತ್ತು.

ಇಂತಹ ಸಭೆಗಳಿಗೆ ಮೂಲವಾದುದು ಅಮೆರಿಕ ದೇಶದ ಒಂದು ವೃತ್ತಾಂತ. 1935ನೆಯ ಇಸವಿಯ ಮೇ ತಿಂಗಳಿನಲ್ಲಿ ಬಿಲ್ ವಿಲ್ಸನ್ ಎಂಬ ವ್ಯವಹಾರಸ್ಥನು ಆಕ್ರನ್ ಪಟ್ಟಣಕ್ಕೆ ಬಂದಿದ್ದನು. ಕುಡಿತ ಬಿಟ್ಟು ಕೆಲವು ತಿಂಗಳಾಗಿತ್ತಷ್ಟೆ. ವ್ಯವಹಾರ ಕೆಟ್ಟು, ಹೋಟೆಲಿನಲ್ಲಿ ಒಂಟಿಯಾಗಿದ್ದಾಗ ಪಾನಗೃಹವು ಅವನನ್ನು ಸೆಳೆಯಿತು. ಅವನು ಪಾನಗೃಹಕ್ಕೆ ಹೋಗದೆ, ಊರಿನ ಪಾದ್ರಿಯೊಬ್ಬರಿಗೆ ದೂರವಾಣಿಯಲ್ಲಿ ಮಾತನಾಡಿ, ತನ್ನಂತೆಯೇ ನರಳುವ ಇನ್ನೊಬ್ಬ ಕುಡುಕನನ್ನು ಹುಡುಕಿದನು. ಹಾಗೆ ದೊರೆತವರು ವೈದ್ಯರಾದ ಬಾಬ್ ಸ್ಮಿತ್. ಇಬ್ಬರೂ ಪರಸ್ಪರರನ್ನು ಉಳಿಸಿಕೊಂಡರು. ಹೀಗೆ ಹುಟ್ಟಿದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಎಂಬ ಕೂಟವು ಇಂದು ಬೆಂಗಳೂರಿನಲ್ಲಿಯೂ ಇದೆ. ಅಲ್ಲಿ ಶುಲ್ಕವಿಲ್ಲ, ಕುಡಿತವನ್ನು ಬಿಡಬೇಕೆಂಬ ಇಚ್ಛೆಯೊಂದೇ ಪ್ರವೇಶಕ್ಕೆ ಅರ್ಹತೆ. ಅಲ್ಲಿ ಕೇಳಿದುದನ್ನು ಹೊರಗೆ ಆಡಬಾರದು. ಜೀವಮಾನದ ಆಣೆಗೆ ಬದಲಾಗಿ ‘ಇಂದೊಂದು ದಿನ ಕುಡಿಯೆನು’ ಎಂಬುದೇ ಅವರ ವ್ರತ.

ಇದು ಪರಕೀಯ ಪದ್ಧತಿಯೆಂದು ಯಾರೂ ಸಂಶಯಿಸಬೇಕಾದುದಿಲ್ಲ. ಹನ್ನೆರಡನೆಯ ಶತಮಾನದ ಶರಣಸಮೂಹದಲ್ಲಿ ಹೆಂಡ ಮಾರುವ ಕಾಯಕದ ಮಾರಯ್ಯನಿಗೂ ಸ್ಥಾನವಿದ್ದಿತು. ನಮ್ಮ ಕಾಲದಲ್ಲಿಯೇ ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಡಾ. ಮಹಾಂತ ಶಿವಯೋಗಿಗಳು 1975ರಿಂದ ಜೋಳಿಗೆ ಹಿಡಿದು ಊರೂರು ಸಂಚರಿಸಿ, ಧನಧಾನ್ಯಗಳನ್ನಲ್ಲ, ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದರು. ಅವರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರಕಾರವು ವ್ಯಸನಮುಕ್ತ ದಿನವೆಂದು ಆಚರಿಸುತ್ತಿದೆ. ಜೋಳಿಗೆಗೆ ಚಟವನ್ನು ಹಾಕಿದವನು ಮರುದಿನದ ಸಂಜೆ ಎಲ್ಲಿ ಕುಳಿತುಕೊಳ್ಳಬೇಕು? ಈ ಪ್ರಶ್ನೆಗೆ ಸತ್ಸಂಗವೇ ಉತ್ತರ.

ಆದುದರಿಂದ ತಮ್ಮಲ್ಲಿ ಮೂರು ವಿಜ್ಞಾಪನೆಗಳು. ಮನೆಯಲ್ಲಿ ವ್ಯಸನಿಯಿದ್ದರೆ ಬಚ್ಚಿಡದೆ ಮೊದಲು ವೈದ್ಯರಲ್ಲಿಗೆ ಕರೆದೊಯ್ಯಿರಿ. ಹೊಸೂರು ರಸ್ತೆಯ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇದಕ್ಕೆಂದೇ ಚಿಕಿತ್ಸೆಯುಂಟು. 14446 ಎಂಬ ರಾಷ್ಟ್ರೀಯ ಸಹಾಯವಾಣಿಯಲ್ಲಿಯೂ ವಿಚಾರಿಸಬಹುದು. ಎರಡನೆಯದಾಗಿ, ಅವನಿಗೆ ಸಭೆಯನ್ನು ಹುಡುಕಿಕೊಟ್ಟು ಮೊದಲ ದಿನ ಬಾಗಿಲವರೆಗೆ ಜೊತೆಯಲ್ಲಿ ಹೋಗಿರಿ. ಮನೆಯವರಿಗಾಗಿಯೇ ‘ಅಲ್-ಅನಾನ್’ ಎಂಬ ಬೇರೆ ಕೂಟವಿದೆ. ತಾಯಂದಿರು ಇದನ್ನು ಮರೆಯಬಾರದು. ಮೂರನೆಯದಾಗಿ, ಇಂತಹ ಸಭೆಗೆ ವಾರಕ್ಕೊಂದು ಸಂಜೆ ನಮ್ಮ ಮಠದ ಒಂದು ಕೊಠಡಿಯನ್ನು ಬಿಟ್ಟುಕೊಡಬೇಕೆಂದು ಶ್ರೀಗಳವರಲ್ಲಿ ಬೇಡಿಕೊಳ್ಳುವೆನು. ಅಲ್ಲಿಗೆ ಬಂದವರು ಯಾರೆಂದು ನಾವು ಇಣುಕಿ ನೋಡದಿರುವುದೇ ನಮ್ಮ ದಾಸೋಹವಾಗಲಿ.

ಆ ಗೃಹಸ್ಥನು ಈಗ ಮಠಕ್ಕೆ ಬರುವನು. ಬಿಟ್ಟುಬಿಟ್ಟೆಯಾ ಎಂದು ಕೇಳಿದರೆ, “ಇಂದು ಕುಡಿದಿಲ್ಲ ಸ್ವಾಮೀ” ಎಂದಷ್ಟೇ ಹೇಳುವನು. ನಾನು ಅವನಿಂದ ಮತ್ತೆ ಆಣೆಯನ್ನು ಮಾಡಿಸಿಲ್ಲ.